ಮೂರು ಮೂಲೆಯ ಕೌದಿ

ಕೌದಿಗೆ ನಾಲ್ಕು ಮೂಲೆ ಇರುತ್ತವೆ ಎಂಬುದು ಯಾರಾದರೂ ಬರೆದು ತಿಳಿಸಬೇಕಾದ ಸಂಗತಿಯೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಆದರೆ ನಮ್ಮ ಮನೆಯ ಟ್ರಂಕಿನಲ್ಲಿ ಕೆಲವು ತಿಂಗಳು ಮಡಚಿ ಮಲಗಿದ್ದ ಪುಟ್ಟ ಕೌದಿಯೊಂದಕ್ಕೆ ಮೂರು ಮೂಲೆಗಳಷ್ಟೇ ಪೂರ್ತಿಯಾಗಿದ್ದವು. ನಾಲ್ಕನೆಯದು ಬೋಳಾಗಿ ಉಳಿದಿತ್ತು. ಉಳಿಸಿದವಳು ನಾನು. ಹಾಗೆಂದು ನಾನು ಏನನ್ನೋ ಮಾಡಿದೆ ಎಂದುಕೊಳ್ಳಬೇಡಿ. ಮಾಡಲಿಲ್ಲ, ಅದೇ ನನ್ನ ತಪ್ಪು. ಕುಂಕುಮದ ಬಟ್ಟಲು ಹಿಡಿದುಕೊಂಡು ಹುಕ್ಕೇರಿಯ ಬಸ್ ನಿಲ್ದಾಣದ ಹಿಂದಿನ ಓಣಿಗೆ ಹೋಗಿ, ಒಬ್ಬ ಹುಡುಗಿಯ ಹಣೆಗೆ ಬೊಟ್ಟಿಟ್ಟು, ತೊಟ್ಟಿಲ ಕಾರ್ಯಕ್ಕೆ ಬಾ ಎಂದು ಹೇಳಿ ಬರಬೇಕಿತ್ತು. ಹೋಗಲಿಲ್ಲ. ಹೋಗಿ ಬಂದೆ ಎಂದು ಅಕ್ಕನಿಗೆ ಹೇಳಿದೆ.

ನಾನು ಏಳನೆಯ ಇಯತ್ತೆಯವರೆಗೆ ಸಾಲಿ ಕಲಿತವಳು. ಅಷ್ಟು ಕಲಿತವರಿಗೆ ಪತ್ರಿಕೆಯ ಪುರವಣಿ ಓದಲು ಬರುತ್ತದೆ, ತಪ್ಪು ಮುಚ್ಚಿಡಲೂ ಬರುತ್ತದೆ. ಅದನ್ನು ಚೆನ್ನಾಗಿ ಬರೆಯಲು ಬರುತ್ತದೋ ಇಲ್ಲವೋ ನೀವೇ ನೋಡಬೇಕು. ಅಕ್ಕ ಸಾಲಿಯ ಮೆಟ್ಟಿಲನ್ನೇ ಹತ್ತಲಿಲ್ಲ. ಅವಳು ಸಾಲಿಗೆ ಹೋಗಬೇಕಾದ ವಯಸ್ಸಿನಲ್ಲಿ ಅವಳ ಸೊಂಟದ ಮೇಲೆ ನಾನಿದ್ದೆ. ಆ ಸೊಂಟದಿಂದ ಇಳಿದು ನಾನು ಸಾಲಿಗೆ ಹೋದೆ, ಆಮೇಲೆ ಮದುವೆಯಾಗಿ ಹುಕ್ಕೇರಿಗೆ ಬಂದೆ. ಅವಳು ಮೂಡಲಗಿಗೆ ಹೋಗಿ ಗಂಡನ ಹೊಲದಲ್ಲಿ ದುಡಿದಳು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಹೊಲವನ್ನು ಮೈದುನನಿಗೆ ಪಾಲಿಗೆ ಕೊಟ್ಟು, ಒಂದು ಟ್ರಂಕು ಮತ್ತು ಹಳೆಯ ಸೀರೆಗಳ ಗಂಟಿನೊಡನೆ ನಮ್ಮ ಮನೆಗೆ ಬಂದಳು. ಹಳೆಯ ಸೀರೆ ಯಾರದಾದರೂ ಸರಿ, ಅದು ಅಕ್ಕನ ಕೈಗೆ ಸಿಕ್ಕರೆ ವರ್ಷದೊಳಗೆ ಕೌದಿಯಾಗುತ್ತಿತ್ತು. ನನ್ನ ಸೀರೆಗಳ ಮೇಲೂ ಅವಳ ಕಣ್ಣಿತ್ತು. ಒಂದು ಸೀರೆ ಎರಡು ಸಲ ತೊಳೆದರೆ ಸಾಕು, "ಇದೀಗ ಮೆತ್ತಗಾತು ನೋಡು" ಎನ್ನುತ್ತಿದ್ದಳು.

ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಅಕ್ಕನಿಗೆ ಕಾಲು ಬಂದಂತಾಯಿತು. ಗೋಕಾಕಕ್ಕೆ ನನ್ನ ಮಗಳು ಶೈಲಾಳ ಮನೆಗೆ, ಅಲ್ಲಿಂದ ಮೂಡಲಗಿಗೆ, ಮತ್ತೆ ಹುಕ್ಕೇರಿಗೆ, ಎಲ್ಲಿ ಯಾರ ಮನೆಯಲ್ಲಿ ಹಳೆಯ ಸೀರೆ ಇದೆಯೋ ಅಲ್ಲಿಗೆಲ್ಲ ತಿರುಗಿದಳು. ಗೋಕಾಕದ ಬಸ್ಸಿನಲ್ಲೇ ಅವಳಿಗೆ ಸುಮಿತ್ರಾ ಸಿಕ್ಕಿದ್ದು.

ಸುಮಿತ್ರಾ ಆ ಬಸ್ಸಿನ ಕಂಡಕ್ಟರ್. ಯಲ್ಲಾಪುರದ ಕಡೆಯ ಸಿದ್ದಿ ಹುಡುಗಿ. ತಲೆಮಾರುಗಳ ಹಿಂದೆ ಆಫ್ರಿಕದಿಂದ ಹಡಗಿನಲ್ಲಿ ತಂದು ನಮ್ಮ ಕರಾವಳಿಯಲ್ಲಿ ಇಳಿಸಿದವರ ಪೈಕಿ ಕೆಲವರು ಘಟ್ಟದ ಕಾಡು ಸೇರಿಕೊಂಡರಂತೆ. ಅವರ ಮರಿಮೊಮ್ಮಕ್ಕಳ ಮರಿಮೊಮ್ಮಕ್ಕಳು ಈ ಜನ. ಗುಂಗುರು ಕೂದಲು, ಅಗಲ ಮೂಗು, ಕಪ್ಪೆಂದರೆ ಹೊಳೆಯುವ ಕಪ್ಪು, ಬಾಯಲ್ಲಿ ನಮ್ಮದೇ ಕನ್ನಡ. ಹೊಸದಾಗಿ ನಮ್ಮ ಕಡೆಗೆ ಬಂದಾಗ ಅವಳನ್ನು ನೋಡಿ ಪ್ರಯಾಣಿಕರು ತಮಗೆ ಬಾರದ ಭಾಷೆಗಳಲ್ಲಿ ಮಾತನಾಡಲು ಶುರು ಮಾಡಿದರಂತೆ. ಇಸ್ತ್ರಿ ಅಂಗಿ ತೊಟ್ಟ ಸಂಕೇಶ್ವರದವನೊಬ್ಬ ಕೈಸನ್ನೆ ಮಾಡುತ್ತ ಹರಕು ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳಿದ್ದಕ್ಕೆ ಅವಳು, "ದೇಶಾ ಆಮ್ಯಾಲೆ ಹೇಳ್ತೇನ್ರಿ, ಮದಲ ಚಿಲ್ಲರ ಕೊಡ್ರಿ" ಎಂದಳಂತೆ. ಆ ಮನುಷ್ಯ ಘಟಪ್ರಭಾ ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತ ಕುಳಿತನೆಂದು ಅಕ್ಕ ಹೇಳಿ ನಗುತ್ತಿದ್ದಳು.

ಅವರಿಬ್ಬರ ಸ್ನೇಹ ಜಗಳದಿಂದ ಶುರುವಾಯಿತು. ಅಕ್ಕನ ಗಂಟನ್ನು ನೋಡಿ ಸುಮಿತ್ರಾ, "ಆಯಿ, ಅದರಾಗ ಏನೈತಿ?" ಎಂದು ಕೇಳಿದಳು.

"ಹಳೇ ಸೀರಿ. ಕೌದಿ ಹೊಲ್ಯಾಕ."

"ಯಾವ ಮೂಲಿಂದ ಶುರು ಮಾಡ್ತೀರಿ?"

"ಮೂಲಿ ಯಾಕಬೇ? ಅಂಚಿಂದ ಅಂಚಿಗೆ ಸೀದಾ ಹೊಲಿಯೂದು."

"ಅಯ್ಯ, ನಮ್ಮಲ್ಲಿ ಮೂಲಿಂದ ಹಿಡದು ಸುತ್ತ ಹೊಲಕೊಂತ ನಡುವಕ್ಕ ಬರ್ತಾರ."

"ಹಂಗ ಸುತ್ತಿದ್ರ ಅದು ಕೌದಿ ಅಲ್ಲ ತಂಗಿ, ಚಕ್ಕಲಿ."

ಈ ವಾದ ನಡೆಯುತ್ತಿರುವಾಗ ಸುಮಿತ್ರಾ ಸೀಟಿ ಊದುವುದನ್ನು ಮರೆತಳು; ಇಳಿಯಬೇಕಾದವರೆಲ್ಲ ಬಾಗಿಲಲ್ಲಿ ನಿಂತು ಕೂಗಾಡಿ, ಬಸ್ಸು ನಿಲ್ಲುವ ಹೊತ್ತಿಗೆ ಅವರ ಊರು ಹಿಂದೆ ಹೋಗಿತ್ತು. ಕೌದಿಯ ನಾಲ್ಕೂ ಮೂಲೆಗೆ ಬಟ್ಟೆಯನ್ನು ಮಡಚಿ ಹೂವಿನ ಹಾಗೆ ಹೊಲಿಯದಿದ್ದರೆ ಅದು ಬತ್ತಲೆ ಕೌದಿ ಎಂದು ಸುಮಿತ್ರಾ. ಮೈಮೇಲೆ ಹೊದೆಯುವುದಕ್ಕೆ ಹೂ ಯಾಕೆ ಎಂದು ಅಕ್ಕ. ಕೊನೆಗೆ ಒಂದು ಮಾತಿನಲ್ಲಿ ಇಬ್ಬರೂ ಒಪ್ಪಿದರು. ಕೊನೆಯ ಹೊಲಿಗೆ ಹಾಕುವ ಮುನ್ನ ಕೌದಿಯ ಹೊಟ್ಟೆಗೆ ಏನಾದರೂ ತಿನ್ನಲು ಇಡಬೇಕು: ಅಕ್ಕ ಚೂರು ರೊಟ್ಟಿ ಇಡುತ್ತಿದ್ದಳು, ಸುಮಿತ್ರಾಳ ಅಜ್ಜಿ ನಾಲ್ಕು ಕಾಳು ಅಕ್ಕಿ. ಹಸಿದ ಕೌದಿ ಬೆಚ್ಚಗಿಡುವುದಿಲ್ಲವೆಂದು ಎರಡೂ ಕಡೆಯವರು ನಂಬಿದ್ದರು. "ಅಂದ್ರ ನಿಮ್ಮಜ್ಜಿ ಶ್ಯಾಣ್ಯಾ ಅದಾಳ" ಎಂದು ಅಕ್ಕ ತೀರ್ಪು ಕೊಟ್ಟಳು.

ವಾರದ ರಜೆಯ ದಿನ ಸುಮಿತ್ರಾ ನಮ್ಮ ಮನೆಗೆ ಬರತೊಡಗಿದಳು. ಪಡಸಾಲೆಯಲ್ಲಿ ಚಾಪೆ ಹಾಸಿ ಇಬ್ಬರೂ ಕೌದಿಯ ಎದುರುಬದುರು ಕೂರುತ್ತಿದ್ದರು; ಅಕ್ಕ ಅರವತ್ತು ದಾಟಿದವಳು, ಅವಳು ಇನ್ನೂ ಮೂವತ್ತು ಮುಟ್ಟದವಳು. ಒಬ್ಬಳು ಸೀದಾ ಹೊಲಿದರೆ ಇನ್ನೊಬ್ಬಳು ಸುತ್ತ ಹೊಲಿಯುತ್ತಿದ್ದಳು; ನಡುವೆ ಎರಡು ದಾರಿಗಳು ಸೇರುವ ಜಾಗದಲ್ಲಿ ಸೊಟ್ಟಪಟ್ಟ ಗೀರುಗಳಾಗಿ, ಅದನ್ನು ನೋಡಿ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಅಕ್ಕ ಒಮ್ಮೆ ಅವಳ ತಲೆಗೆ ಎಣ್ಣೆ ಹಚ್ಚಿ ಬಾಚಲು ಹೋಗಿ ನನ್ನ ಹೊಸ ಬಾಚಣಿಗೆಯ ಹಲ್ಲು ಮುರಿದಳು. ಪ್ರತಿಯಾಗಿ ಸುಮಿತ್ರಾ ಅಕ್ಕನಿಗೆ ಬಸ್ಸಿನ ಬೋರ್ಡು ಓದಲು ಕಲಿಸಿದಳು. 'ಗೋಕಾಕ' ಮೊದಲು ಬಂತು, ಆಮೇಲೆ 'ಮೂಡಲಗಿ'. ಇಷ್ಟು ವರ್ಷ ತಂಗಿಯಾದ ನಾನು ಕಲಿಸಬಹುದಿತ್ತು. ನನಗೆ ತೋಚಿರಲಿಲ್ಲ.

ಮೊದಲ ದಿನವೇ ಅಕ್ಕ ಅವಳಿಗೆ ಮುಖದ ಮೇಲೆಯೇ ಕೇಳಿದ್ದಳು: "ನೀ ಯಾಕಬೇ ಇಷ್ಟ ಕಪ್ಪ ಅದಿ?"

"ನೀವ್ ಯಾಕ ಇಷ್ಟ ಗಿಡ್ಡ ಅದೀರಿ ಆಯಿ?"

ಅಲ್ಲಿಗೆ ಆ ವಿಷಯ ಮುಗಿಯಿತು. ನಾನು ಮಾತ್ರ ಏನನ್ನೂ ಕೇಳಲಿಲ್ಲ. ನಾನು ಬಹಳ ಮರ್ಯಾದೆಯವಳು. ಅವಳು ಬಂದರೆ ಒಳಗಿನಿಂದ ಕುರ್ಚಿ ತಂದು ಹಾಕುತ್ತಿದ್ದೆ, "ಕುಂಡ್ರಿ, ಚಾ ತಗೋರಿ" ಎನ್ನುತ್ತಿದ್ದೆ, ಮಗಳ ವಯಸ್ಸಿನವಳಿಗೆ 'ರಿ' ಹಚ್ಚಿ ಮಾತನಾಡುತ್ತಿದ್ದೆ. ಅವಳು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಅಕ್ಕನ ಚಾಪೆಯ ಮೇಲೆ ಕೂರುತ್ತಿದ್ದಳು. ಕುರ್ಚಿ ಕೊಡುವುದು ನಮ್ಮಲ್ಲಿ ಗೌರವ ಎಂದು ನಾವೆಲ್ಲ ತಿಳಿದಿದ್ದೇವೆ. ಮನುಷ್ಯರನ್ನು ದೂರ ಇಡುವುದಕ್ಕೆ ಅದಕ್ಕಿಂತ ಸಭ್ಯವಾದ ಉಪಾಯ ಇನ್ನೊಂದಿಲ್ಲ ಎಂಬುದು ನನಗೆ ಹೊಳೆದದ್ದು ಇತ್ತೀಚೆಗೆ.

ಬಣ್ಣದ ವಿಷಯದಲ್ಲಿ ನಮ್ಮ ಮನೆತನಕ್ಕೆ ಹೆಮ್ಮೆಪಡುವಂಥದ್ದೇನೂ ಇಲ್ಲ. ನಮ್ಮವ್ವ ಹಂಚಿನ ತಳದಂತಿದ್ದಳು, ನಾನು ಅವಳಿಗಿಂತ ಒಂದು ಕೈ ಕಡಿಮೆ. ನಮ್ಮ ಯಜಮಾನರು ಹಿಟ್ಟಿನ ಗಿರಣಿ ನಡೆಸುತ್ತಾರೆ. ಮನೆಯಲ್ಲಿ ಬೆಳ್ಳಗಿರುವವರು ಅವರೊಬ್ಬರೇ, ಅದೂ ಸಂಜೆ ಸ್ನಾನ ಮಾಡುವವರೆಗೆ. ಆದರೂ ಶೈಲಾ ಬಸುರಿಯಾದಾಗ ಕೇಸರಿ ಹಾಕಿದ ಹಾಲು ಕುಡಿಸಿದವಳು ನಾನೇ. ಕಪ್ಪಾಗಿರುವುದರಲ್ಲೂ ನಮ್ಮಲ್ಲಿ ಅಂತಸ್ತುಗಳಿವೆ. ನನಗಿಂತ ಬೆಳ್ಳಗಿದ್ದವರೆದುರು ಬಗ್ಗಿಸಿದ ಕತ್ತನ್ನು ನನಗಿಂತ ಕಪ್ಪಗಿದ್ದವರೆದುರು ಎತ್ತಿ, ಹೇಗೋ ಸರಿದೂಗಿಸಿಕೊಂಡು ಬಂದಿದ್ದೆ.

ಶೈಲಾ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಳು, ಹೆಣ್ಣು ಕೂಸು ಹುಟ್ಟಿತು. ಅದಕ್ಕೆಂದೇ ಅಕ್ಕ ಮತ್ತು ಸುಮಿತ್ರಾ ಸೇರಿ ತೊಟ್ಟಿಲ ಕೌದಿ ಹೊಲಿದಿದ್ದರು. ಅಕ್ಕನ ಮದುವೆಯ ಸೀರೆಯ ತುಂಡು, ಶೈಲಾಳ ಸಾಲಿಯ ಲಂಗದ ತುಂಡು, ಸುಮಿತ್ರಾ ಊರಿನಿಂದ ತಂದ ಅವಳ ಅಜ್ಜಿಯ ಸೀರೆಯ ತುಂಡು. ಮೂರು ಮೂಲೆಗೆ ಹೂ ಬಿದ್ದವು. ನಾಲ್ಕನೆಯದನ್ನು ತೊಟ್ಟಿಲ ಕಾರ್ಯದ ದಿನ ಕೂಸನ್ನು ಮಲಗಿಸುವ ಮುನ್ನ ಸುಮಿತ್ರಾ ಬಂದು ಹೊಲಿಯಬೇಕು, ಕೌದಿಯ ಹೊಟ್ಟೆಗೆ ಅಕ್ಕ ರೊಟ್ಟಿ, ಅವಳು ಅಕ್ಕಿ, ಎರಡನ್ನೂ ಇಡಬೇಕು ಎಂದು ಅವರಿಬ್ಬರೂ ಮಾತಾಡಿಕೊಂಡಿದ್ದರು.

ಇಲ್ಲಿ ನಮ್ಮ ಕಡೆಯ ಕರೆಯುವ ಪದ್ಧತಿಯ ಬಗ್ಗೆ ಹೇಳಬೇಕು. ಈಗ ಫೋನಿನಲ್ಲಿ ಚಿತ್ರ ಕಳಿಸಿ ಕರೆಯುತ್ತಾರೆ, ಅದರಲ್ಲಿ ಹೂವಿನ ಮಳೆಯೂ ಸುರಿಯುತ್ತದೆ. ಆದರೆ ಹೆಂಗಸರ ಕಾರ್ಯಕ್ಕೆ ಆ ಕರೆ ಕರೆಯಲ್ಲ. ಮನೆಯ ಮುತ್ತೈದೆ ಬಾಗಿಲಿಗೆ ಬಂದು ಹಣೆಗೆ ಕುಂಕುಮ ಹಚ್ಚಿ ಕರೆಯಬೇಕು. ಹಚ್ಚದೆ ಕರೆದರೆ ಬಾಯಿಮಾತಿಗೆ ಕರೆದರು ಎಂದು ತಿಳಿದು ಬಾರದೆ ಇರುವವರಿದ್ದಾರೆ. ಗಂಡ ಹೋದ ಮೇಲೆ ಅಕ್ಕ ಬೇರೆಯವರ ಹಣೆಗೆ ಕುಂಕುಮ ಹಚ್ಚುವಂತಿರಲಿಲ್ಲ. ಅದು ಸರಿಯೋ ತಪ್ಪೋ ಎಂದು ನಾವು ಯಾರೂ ವಿಚಾರ ಮಾಡಿರಲಿಲ್ಲ, ಅಕ್ಕನೂ ಮಾಡಿರಲಿಲ್ಲ. ತನ್ನ ಒಬ್ಬಳೇ ಗೆಳತಿಯನ್ನು ಕರೆಯಲು ಅವಳಿಗೆ ನನ್ನ ಕೈ ಬೇಕಾಗಿತ್ತು.

"ಶಾಂತಾ, ಎಲ್ಲಾರಕ್ಕಿಂತ ಮದಲ ಅಕಿನ್ನ ಕರದ ಬಾ" ಎಂದಳು.

ಹೊರಟೆ. ಓಣಿಯ ಮನೆಗಳನ್ನೆಲ್ಲ ಕರೆದೆ, ಗಿರಣಿಯ ಕಾಯಂ ಗಿರಾಕಿಗಳನ್ನು ಕರೆದೆ, ವರ್ಷಗಳಿಂದ ಮಾತು ಬಿಟ್ಟಿದ್ದ ಹಿತ್ತಿಲ ಮನೆಯವಳನ್ನೂ ಕರೆದೆ. ಬಸ್ ನಿಲ್ದಾಣದ ಹತ್ತಿರ ಬಂದಾಗ ಗೋಕಾಕದ ಬೀಗರ ನೆನಪಾಯಿತು. ಬೀಗತಿ ಒಮ್ಮೆ, ಕೂಸು ನಮ್ಮ ಮಗನ ಬಣ್ಣ ತಗೊಂಡು ಬಂದರೆ ಸಾಕು ಎಂದು ನಗುತ್ತ ಅಂದಿದ್ದರು. ಅಷ್ಟೇ ಅಂದದ್ದು. ಉಳಿದದ್ದನ್ನೆಲ್ಲ ನಾನು ಕಟ್ಟಿಕೊಂಡೆ. ತುಂಬಿದ ಮನೆಯಲ್ಲಿ ಆ ಹುಡುಗಿ ತೊಟ್ಟಿಲ ಮೇಲೆ ಬಗ್ಗುತ್ತಾಳೆ. ಗೋಕಾಕದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇವಳು ಯಾರು, ನಿಮಗೇನಾಗಬೇಕು ಎನ್ನುತ್ತಾರೆ. ಕೂಸಿಗೆ ಬೇರೆ ನಮ್ಮವ್ವನ ಬಣ್ಣವೇ ಬಂದಿತ್ತು. ಯಾರೂ ಆಡದ ಮಾತುಗಳನ್ನೆಲ್ಲ ನಾನೇ ಆಡಿಕೊಂಡು, ಅವುಗಳಿಗೆ ನಾನೇ ಅಂಜಿ, ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಿರುಗಿದೆ.

ತೊಟ್ಟಿಲ ದಿನ ಅಕ್ಕ ಬೆಳಿಗ್ಗೆಯಿಂದ ಸೂಜಿಗೆ ದಾರ ಪೋಣಿಸಿ ಇಟ್ಟುಕೊಂಡಿದ್ದಳು.

"ಕರದಿದ್ದಿ ಹೌದಿಲ್ಲೊ?"

"ಕರದೇನಲ್ಲ. ಡ್ಯೂಟಿ ಇರಬೇಕು ಬಿಡು."

ಬೀಗರ ಕಡೆಯ ಗಂಡಸರು ಮೋಟಾರ್ ಸೈಕಲ್ ಮೇಲೆ ಬಂದರು. ಹೆಂಗಸರೆಲ್ಲ ಪುಕ್ಕಟೆ ಬಸ್ಸು ಬಿಟ್ಟುಕೊಡಲು ಮನಸ್ಸಾಗದೆ ಗುಂಪು ಕಟ್ಟಿಕೊಂಡು ಬಸ್ಸಿನಲ್ಲಿ ಬಂದರು. ಬರುವಾಗ ಅಳಿಯ ಕೂಸಾಗಿದ್ದಾಗ ಮಲಗಿದ್ದ ಬಣ್ಣದ ಕಟ್ಟಿಗೆಯ ತೊಟ್ಟಿಲನ್ನೂ ಬಿಚ್ಚಿ ಹಗ್ಗ ಕಟ್ಟಿ ತಂದಿದ್ದರು. ಮನೆಯ ಹೊಸ್ತಿಲು ದಾಟುತ್ತಲೇ ಬೀಗತಿ ಶುರು ಮಾಡಿದರು.

"ಏನ್ ಛಲೋ ಹುಡುಗಿರಿ, ಬೀಗರ, ಆ ಕಂಡಕ್ಟರ! ತೊಟ್ಟಿಲಾ ನೋಡಿ ಡ್ರೈವರ ಬ್ಯಾಡ ಅಂದಾ, ಅಕೀನ ಅವಗ ಬೈದು ಏರಿಸಿಕೊಂಡ್ಳು. ಯಾರ ಮನಿಗಿ ಹೊಂಟೀರಿ ಅಂದ್ಳು. ಗಿರಣಿಯವರ ಮನಿಗಿ, ಇವತ್ತ ಮೊಮ್ಮಗಳನ್ನ ತೊಟ್ಟಲಕ್ಕ ಹಾಕ್ತೇವಿ ಅಂದೆ. ಪಾಪ, ಗಪ್ಪಾದ್ಳು ಒಂದ್ ಸ್ವಲ್ಪ. ಆಮ್ಯಾಲೆ ಇಲ್ಲೇ ನಿಮ್ಮ ಗಿರಣಿ ಮುಂದ ಬಸ್ ನಿಲ್ಲಿಸಿ, ತಾನ ತೊಟ್ಟಿಲಾ ಇಳಿಸಿಕೊಟ್ಳು. ಗುರತಿನಾಕೆನ್ರಿ? ಕರಿಬೇಕಿಲ್ಲೇನು ಅಕಿನ್ನ?"

ಬೀಗತಿಗೆ ಬಣ್ಣ ಕಂಡೇ ಇರಲಿಲ್ಲವೆಂದಲ್ಲ. ಕಂಡಿತ್ತು, ಆದರೆ ತೊಟ್ಟಿಲು ಏರಿಸಿಕೊಂಡದ್ದು ಅದಕ್ಕಿಂತ ದೊಡ್ಡದಾಗಿ ಕಂಡಿತ್ತು. ನಾನು ಅಡಿಗೆಮನೆಯ ಕಡೆಗೆ ನೋಡಿದೆ, ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅಕ್ಕ ನನ್ನನ್ನು ನೋಡಿದಳು. ಅವಳು ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವಳು ಸೂಜಿಯಿಂದ ದಾರ ಎಳೆದು, ಬೆರಳಿಗೆ ಸುತ್ತಿ ಡಬ್ಬಿಯಲ್ಲಿಟ್ಟಳು. ಕೌದಿಯ ಬೋಳು ಮೂಲೆಯನ್ನು ಒಳಗೆ ಮಾಡಿ ಮಡಚಿ ಟ್ರಂಕಿಗೆ ಹಾಕಿದಳು.

"ಉಪಾಸ ಇರೂ ಕೌದಿಮ್ಯಾಲ ಕೂಸಿನ್ನ ಮಲಗಸಬಾರದು" ಎಂದಳು. ಕೂಸು ಬೀಗತಿಯ ಹಳೆಯ ಸೀರೆಯ ಮಡಿಕೆಯ ಮೇಲೆ ಮಲಗಿತು.

ಆಮೇಲೆ ಸುಮಿತ್ರಾ ರಜೆಯ ದಿನ ಬರಲಿಲ್ಲ. ಚಾಪೆ ಗೋಡೆಗೆ ಒರಗಿ ನಿಂತಿತು. ಅಕ್ಕ ಗೋಕಾಕದ ಬಸ್ಸಿನಲ್ಲಿ ಹೋಗಿ ಬರುವುದನ್ನು ನಿಲ್ಲಿಸಲಿಲ್ಲ. ಈಗ ಗಂಟು ಇಲ್ಲದೆ ಹೋಗಿ ಗಂಟು ಇಲ್ಲದೆ ಬರುತ್ತಿದ್ದಳು. ಒಂದು ದಿನ ರೊಟ್ಟಿ ಬಡಿಯುತ್ತ, ನನ್ನ ಕಡೆ ತಿರುಗದೆ ಹೇಳಿದಳು:

"ಯಾಕ ಬರಲಿಲ್ಲಬೇ ತೊಟ್ಟಲಕ್ಕ ಅಂತ ಕೇಳಿದೆ. ಡ್ಯೂಟಿ ಇತ್ತು ಆಯಿ ಅಂದ್ಳು. ಕಾಕು ಕರದಿದ್ರು, ನನಗ ರಜಾ ಸಿಗಲಿಲ್ಲ ಅಂದ್ಳು."

ಕಾಕು ಎಂದರೆ ನಾನು. ನಾನು ಕರೆದಿರಲಿಲ್ಲವೆಂದು ಅವಳಿಗೆ ಗೊತ್ತು, ಅಕ್ಕನಿಗೆ ಗೊತ್ತು, ಅಕ್ಕನಿಗೆ ಗೊತ್ತಿದೆಯೆಂದು ನನಗೆ ಗೊತ್ತು. ಅಕ್ಕನೆದುರು ನನ್ನ ಮುಖ ಉಳಿಯಲೆಂದು ಆ ಹುಡುಗಿ ನನ್ನ ಸುಳ್ಳನ್ನೇ ಎತ್ತಿಕೊಂಡು ಹೇಳಿದ್ದಳು. ಅದೇ ಸುಳ್ಳು, ಅದೇ ಡ್ಯೂಟಿ. ನನ್ನ ಬಾಯಲ್ಲಿ ಅದು ಎಷ್ಟು ಕೊಳಕಾಗಿತ್ತೆಂದು ಅವಳ ಬಾಯಿಂದ ಕೇಳಿದ ಮೇಲೆ ತಿಳಿಯಿತು.

"ಅಕಿಗೆ ಊರ ಕಡೆ ವರ್ಗಾ ಆಗೇತಿ" ಎಂದು ಅಕ್ಕ ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಮುಂದಿನ ವಾರ ಹೊಂಟಾಳ."

ಆ ರೊಟ್ಟಿ ಸ್ವಲ್ಪ ಹೊತ್ತಿತು. ಅಕ್ಕನ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶೈಲಾ ಹಡೆದು ಐದು ತಿಂಗಳಾಗುತ್ತ ಬಂದಿತ್ತು; ಬರುವ ಸೋಮವಾರ ತಾಯಿ, ಕೂಸು ಇಬ್ಬರನ್ನೂ ಗೋಕಾಕಕ್ಕೆ ಕಳಿಸಬೇಕಿತ್ತು. ವರ್ಗದ ಸುದ್ದಿ ಕೇಳಿದ ಮರುದಿನ ನಾನು ಕುಂಕುಮದ ಬಟ್ಟಲು ತೆಗೆದುಕೊಂಡು ಬಸ್ ನಿಲ್ದಾಣದ ಹಿಂದಿನ ಓಣಿಗೆ ಹೋದೆ. ಅವಳ ಖೋಲಿಯ ಬಾಗಿಲಿಗೆ ಕೀಲಿ ಬಿದ್ದಿತ್ತು. ಸಂಜೆ ಬರಬಹುದಿತ್ತು, ಆದರೆ ಸಂಜೆಯವರೆಗೆ ಕಾದರೆ ನನ್ನೊಳಗಿನ ಮರ್ಯಾದಸ್ಥೆ ಎದ್ದು ಏನು ನೆಪ ಹೇಳುತ್ತಾಳೋ ಎಂಬ ಭಯವಿತ್ತು. ಗೋಕಾಕದ ಬಸ್ಸು ನಿಂತಿತ್ತು. ಹತ್ತಿದೆ.

ಬಸ್ಸು ತುಂಬಿತ್ತು. ನಾನು ನಿಂತೇ ಇದ್ದೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಸೆರಗಿನ ಕೆಳಗೆ ಬಟ್ಟಲು. ಸುಮಿತ್ರಾ ಟಿಕೀಟಿನ ಯಂತ್ರ ಹಿಡಿದುಕೊಂಡು ಜನರ ನಡುವೆ ಸರಿಯುತ್ತ ಬಂದಳು. ನನ್ನನ್ನು ನೋಡಿ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ನಾನು ಇಷ್ಟು ದಿನ ಅವಳಿಗೆ ಕೊಟ್ಟಿದ್ದ ಮರ್ಯಾದೆಯನ್ನೇ ಅವಳು ನನಗೆ ತಿರುಗಿ ಕೊಟ್ಟಳು.

"ಎಲ್ಲಿಗ್ರಿ ಕಾಕು?"

"ನಿನ್ನ ಕಡೆ."

"ನನ್ನ ಕಡೆ ಸ್ಟಾಪ್ ಇಲ್ರಿ. ಗೋಕಾಕೇನು?"

"ಹೂಂ, ಗೋಕಾಕ" ಎಂದೆ. ಪುಕ್ಕಟೆ ಟಿಕೀಟು ಹರಿದು ಕೊಟ್ಟು ಮುಂದೆ ಹೋದಳು.

ಏನು ಹೇಳಬೇಕೆಂದು ಮನೆಯಿಂದಲೇ ಸಿದ್ಧಮಾಡಿಕೊಂಡು ಬಂದಿದ್ದೆ. ಕಾರ್ಯದ ಗಡಿಬಿಡಿಯಲ್ಲಿ ಮರೆತುಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎನ್ನುವುದು. ಚೆಂದದ ಮಾತು, ಯಾರಿಗೂ ನೋವಾಗುವುದಿಲ್ಲ, ಎಂಜಿನ್ನಿನ ಸದ್ದಿನಲ್ಲಿ ಅವಳ ಕಿವಿಗಷ್ಟೇ ಕೇಳುವಂತೆ ಹೇಳಿ ಇಳಿದುಬಿಡಬಹುದಿತ್ತು. ಘಟಪ್ರಭಾ ಹತ್ತಿರ ರೈಲಿನ ಗೇಟು ಬಿದ್ದು ಬಸ್ಸು ನಿಂತಿತು. ಅವಳು ಹಿಂದಿನ ಬಾಗಿಲಿನ ಹತ್ತಿರ ನಿಂತಿದ್ದಳು. ಜನರನ್ನು ತಳ್ಳಿಕೊಂಡು ಹೋಗಿ ಅವಳ ಮುಂದೆ ನಿಂತು ಬಟ್ಟಲು ಹೊರಗೆ ತೆಗೆದೆ. ಅವಳು ಬಟ್ಟಲನ್ನು ನೋಡಿದಳು, ಆಮೇಲೆ ನನ್ನನ್ನು. ತಡಿರಿ ಎನ್ನಲಿಲ್ಲ, ತಲೆಯನ್ನೂ ಬಗ್ಗಿಸಲಿಲ್ಲ. ಅವಳು ನನಗಿಂತ ಎತ್ತರ. ತುದಿಗಾಲಿನಲ್ಲಿ ನಿಂತು ಬೊಟ್ಟಿಟ್ಟೆ. ನನ್ನ ಬೆರಳು ಅವಳನ್ನು ಮುಟ್ಟಿದ್ದು ಅದೇ ಮೊದಲ ಸಲ ಎಂದು ಆಗ ಗೊತ್ತಾಯಿತು.

"ಬಸ್ಸಿನ್ಯಾಗ ಏನ್ ಪೂಜಿ ಹಚ್ಚೀರಿ ಯವ್ವಾ?" ಎಂದು ಸೀಟಿನಲ್ಲಿದ್ದ ಅಜ್ಜನೊಬ್ಬ ಕೇಳಿದ. ಯಾರೋ ನಕ್ಕರು.

"ಸೋಮವಾರ ನಮ್ಮ ಶೈಲಾ ಗಂಡನ ಮನಿಗಿ ಹೊಂಟಾಳ" ಎಂದೆ. "ನೀ ಬರಬೇಕು. ಕೌದಿ ಮೂಲಿ ಹಂಗ ಐತಿ. ಅಕ್ಕ ಯಾರ ಕೈಯಾಗೂ ಸೂಜಿ ಕೊಟ್ಟಿಲ್ಲ."

ಇನ್ನೂ ಏನನ್ನೋ ಕಾಯುತ್ತಿರುವವಳಂತೆ ಅವಳು ನನ್ನನ್ನೇ ನೋಡಿದಳು. ಸಿದ್ಧಮಾಡಿಕೊಂಡು ಬಂದಿದ್ದ ಮಾತಿಗೆ ಬಾಯಿ ತೆರೆದೆ. ಅಷ್ಟರಲ್ಲಿ ಡ್ರೈವರು, ಗಾಡಿ ಬರಲು ಇನ್ನೂ ತಡವಿದೆಯೆಂದು ಎಂಜಿನ್ ಬಂದ್ ಮಾಡಿದ. ಇಡೀ ಬಸ್ಸು ಒಮ್ಮೆಲೇ ಮೌನವಾಯಿತು. ಎಲ್ಲರ ಕಿವಿಗಳೂ ನಮ್ಮ ಕಡೆಗಿದ್ದವು. ಸಣ್ಣ ಧ್ವನಿಯಲ್ಲಿ ಹೇಳಬೇಕೆಂದಿದ್ದು ಆ ಮೌನದಲ್ಲಿ ಕೊನೆಯ ಸೀಟಿನವರೆಗೆ ಕೇಳುವಷ್ಟು ದೊಡ್ಡದಾಗಿ ಬಂತು, ನಾನು ತಂದಿದ್ದಕ್ಕಿಂತ ಬೇರೆಯಾಗಿಯೇ ಬಂತು:

"ನಾ ಮರತಿದ್ದಿಲ್ಲ ಸುಮಿತ್ರಾ. ನಿನ್ನ ಬಣ್ಣ ನೋಡಿ, ಮಂದಿಗೆ ಅಂಜಿ, ಬೇಕಂತ ಕರೀಲಿಲ್ಲ. ತಪ್ಪಾತವ್ವಾ ನಂದು."